ವಳಿವಡೆಯ ಮಕ್ಕಳು ನಮ್ಮ ಪಾಠದಲ್ಲಿಲ್ಲ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಕಡೆಯ ಮನೆಗಳಲ್ಲಿ ಮದುವೆ ಗೊತ್ತಾಯಿತೆಂದರೆ ಜವಳಿ ತರಲು ಹೊರಡುವುದು ಬಹಳ ಸಲ ಗಾಂಧಿನಗರಕ್ಕೇ. ಕೊಲ್ಹಾಪುರದ ಮಗ್ಗುಲಿಗೆ, ಹೆದ್ದಾರಿಯಿಂದ ತುಸು ಪೂರ್ವಕ್ಕಿರುವ ಆ ಸಗಟು ಬಟ್ಟೆಪೇಟೆ ನಮ್ಮ ಸೀಮೆಯವರಿಗೆ ಹಳೆಯ ಪರಿಚಯ. ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರು. ಸಿಂಧಿ ವರ್ತಕರ ಅಂಗಡಿಯಲ್ಲಿ ಕೂತು ಸೀರೆ, ಧೋತರ, ಆಹೇರಿನ ಬಟ್ಟೆ ಆರಿಸಿ, ಗಂಟು ಕಟ್ಟಿಸಿಕೊಂಡು, ಹೊತ್ತು ಮುಳುಗುವುದರೊಳಗೆ ಊರು ಸೇರಬಹುದು. ಹಾಗೆ ಹೋಗಿ ಬಂದವರಲ್ಲಿ ಎಷ್ಟು ಜನಕ್ಕೆ ಆ ನೆಲದ ಚರಿತ್ರೆ ಗೊತ್ತು? 1943ರಿಂದ 1948ರವರೆಗೆ ಅದು ಪೋಲೆಂಡಿನ ನಿರಾಶ್ರಿತರ ಊರಾಗಿತ್ತು. ಸುಮಾರು ಐದು ಸಾವಿರ ಜನ, ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ವಳಿವಡೆ ಹಳ್ಳಿಯ ಬಯಲಿನಲ್ಲಿ ಐದು ವರ್ಷ ಬದುಕಿದರು. ಅವರು ಹೋದ ಮೇಲೆ, ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡು ಬಂದ ಸಿಂಧಿಗಳು ಅದೇ ಜಾಗದಲ್ಲಿ ನೆಲೆ ನಿಂತರು. ನಾವು ಗಾಂಧಿನಗರ ಎನ್ನುವುದು ಅದನ್ನೇ.

ಇದು ಬೇರೆ ರಾಜ್ಯದ ಕಥೆ ಎಂದು ತಳ್ಳಿಹಾಕುವಂತಿಲ್ಲ. ಆ ದಿನಗಳಲ್ಲಿ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ ಮಹಾಲು. ಅಂದರೆ ಪೋಲಿಷ್ ಮಕ್ಕಳೂ ರಾಯಬಾಗದ ಮಕ್ಕಳೂ ಒಂದೇ ಸಂಸ್ಥಾನದ ನೆಲದಲ್ಲಿ ಶಾಲೆಗೆ ಹೋಗುತ್ತಿದ್ದರು. ನಮ್ಮ ಸದಲಗಾದಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆಯವರು ಆಗ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕರು. ಕಾಲೇಜು ಮೆಟ್ಟಿಲು ಹತ್ತಬೇಕೆಂದರೆ ಈ ಭಾಗದ ಅನೇಕ ಹುಡುಗರು ಕೊಲ್ಹಾಪುರದ ದಾರಿಯನ್ನೇ ಹಿಡಿಯುತ್ತಿದ್ದರು. ವಳಿವಡೆಯ ಬಳಿ ಹರಿಯುವ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರಿ, ಯಡೂರು, ಕುಡಚಿಯ ದಂಡೆಗಳನ್ನು ಮುಟ್ಟಿಕೊಂಡೇ ಮುಂದೆ ಹೋಗುತ್ತದೆ. ಇಷ್ಟು ಹತ್ತಿರದ ಸಂಗತಿ ನಮ್ಮ ಮಕ್ಕಳ ಪಾಠದಲ್ಲಿ ಒಂದು ಸಾಲಾಗಿಯೂ ಬರಲಿಲ್ಲ.

ಪಾಠದಲ್ಲಿ ಬರುವುದು ಹಿಟ್ಲರ್. ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಮಹಾಯುದ್ಧ, ರಷ್ಯಾದ ಕ್ರಾಂತಿ, ಮುಸೊಲಿನಿಯ ಜೊತೆ ಜೊತೆಗೇ ಅವನೂ ಬಂದುಹೋಗುತ್ತಾನೆ. ಪರೀಕ್ಷೆ ಎದುರಿಗಿದ್ದಾಗ ಶಿಕ್ಷಕರಿಗೆ ಬಿಡುವು ಸಾಲದು. ಯಹೂದಿಗಳ ಹತ್ಯೆ ಒಂದು ಅಂಕಿ ಸಂಖ್ಯೆಯಾಗಿ ವಹಿಯಲ್ಲಿ ಉಳಿಯುತ್ತದೆ. ಅದರಾಚೆ ಮಕ್ಕಳಿಗೆ ಸಿಗುವ ಹಿಟ್ಲರನೇ ಬೇರೆ. ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳ ನಡುವೆ ಅವನ ಆತ್ಮಕಥೆ ಇರುತ್ತದೆ. ಮೊಬೈಲಿನಲ್ಲಿ ಅವನ ಹೆಸರು ಹಚ್ಚಿದ ಸುಭಾಷಿತಗಳು ಓಡಾಡುತ್ತವೆ. ಶಿಸ್ತಿನ ಮಾಸ್ತರರನ್ನು ಮಕ್ಕಳು ‘ಹಿಟ್ಲರ್ ಸರ್’ ಅನ್ನುತ್ತಾರೆ, ಅದರಲ್ಲಿ ಅರ್ಧ ಹೆದರಿಕೆ, ಅರ್ಧ ಮೆಚ್ಚುಗೆ. ‘ದೇಶಕ್ಕ ಅಂಥಾವ ಒಬ್ಬ ಬೇಕ್ರಿ’ ಎಂಬ ಮಾತನ್ನು ಕಟ್ಟೆಯ ಮೇಲೆ ದೊಡ್ಡವರೇ ಆಡುತ್ತಾರೆ. ಮಕ್ಕಳು ಅದನ್ನು ಕೇಳಿಸಿಕೊಂಡು ಬೆಳೆಯುತ್ತಾರೆ. ಅರವತ್ತು ಲಕ್ಷ ಯಹೂದಿಗಳನ್ನು, ಅದರಲ್ಲಿ ಹದಿನೈದು ಲಕ್ಷದಷ್ಟು ಮಕ್ಕಳನ್ನು ಕೊಂದ ವ್ಯವಸ್ಥೆಯ ನಾಯಕ ನಮ್ಮ ಮಕ್ಕಳ ಕಣ್ಣಿಗೆ ಗಟ್ಟಿಗನಾಗಿ ಕಾಣುತ್ತಿದ್ದರೆ, ತಪ್ಪು ಮಕ್ಕಳದಲ್ಲ. ನಾವು ಹೇಳಿಕೊಟ್ಟ ರೀತಿಯೇ ಹಾಗಿದೆ. ಹೇಳಬೇಕಾದದ್ದನ್ನು ಹೇಳದೆ ಬಿಟ್ಟಿದ್ದೇವೆ.

ಎಲ್ಲಿಂದ ಶುರು ಮಾಡಬೇಕು? ನನ್ನನ್ನು ಕೇಳಿದರೆ ಶಾಲೆಯಿಂದಲೇ. ಹದಿನೈದರ ಹುಡುಗ ಹುಡುಗಿಯರಿಗೆ ಸರಿಯಾಗಿ ಗೊತ್ತಿರುವ ಜಗತ್ತು ಅದೊಂದೇ. ಜರ್ಮನಿಯಲ್ಲಿ ಕೊಲೆ ಶುರುವಾದದ್ದು ವಿಷಾನಿಲದ ಕೋಣೆಯಲ್ಲಲ್ಲ. ಅದಕ್ಕೂ ಎಷ್ಟೋ ಮೊದಲು ಶಾಲೆಯ ಹಾಜರಿ ಪುಸ್ತಕದಲ್ಲಿ ಅದರ ತಯಾರಿ ನಡೆದಿತ್ತು. ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರ ಜನವರಿಯಲ್ಲಿ. ಏಪ್ರಿಲ್ ಮುಗಿಯುವುದರೊಳಗೆ ಶಾಲೆ ಕಾಲೇಜುಗಳಲ್ಲಿ ಯಹೂದಿ ಮಕ್ಕಳ ಸಂಖ್ಯೆಗೆ ಮಿತಿ ಹಾಕುವ ಕಾನೂನು ಬಂತು. ನೆಪ ಏನೆಂದರೆ, ಶಾಲೆಗಳಲ್ಲಿ ದಟ್ಟಣೆ ಹೆಚ್ಚಾಗಿದೆ. 1935ರ ಸೆಪ್ಟೆಂಬರಿನ ನ್ಯೂರೆಂಬರ್ಗ್ ಕಾನೂನುಗಳು ಅವರ ಪೌರತ್ವ ಕಿತ್ತುಕೊಂಡವು. 1938ರ ನವೆಂಬರ್ 9ರ ರಾತ್ರಿ ಯಹೂದಿಗಳ ಸಿನಗಾಗ್ ಮಂದಿರಗಳಿಗೆ ಬೆಂಕಿ ಬಿತ್ತು, ಅಂಗಡಿಗಳ ಗಾಜು ಒಡೆಯಿತು. ವಾರ ಕಳೆಯುವಷ್ಟರಲ್ಲಿ, ನವೆಂಬರ್ 15ಕ್ಕೆ, ಉಳಿದ ಯಹೂದಿ ಮಕ್ಕಳನ್ನೂ ಸರ್ಕಾರಿ ಶಾಲೆಗಳಿಂದ ಹೊರಗೆ ಹಾಕಿದರು. ಆ ಐದು ವರ್ಷಗಳಲ್ಲಿ ಪಕ್ಕದ ಬೆಂಚಿನ ಮಕ್ಕಳು ಏನು ಮಾಡುತ್ತಿದ್ದರು, ಹೆಸರು ಕೂಗುತ್ತಿದ್ದ ಶಿಕ್ಷಕರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತಿ ನೋಡಿ. ಮಕ್ಕಳು ಥಟ್ಟನೆ ಉತ್ತರ ಕೊಡುವುದಿಲ್ಲ. ಯೋಚನೆಗೆ ಬೀಳುತ್ತಾರೆ.

ಆ ಕಾಲದ ಜರ್ಮನ್ ಗಣಿತ ಪುಸ್ತಕಗಳಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಲೆಕ್ಕಗಳೂ ದಾಖಲೆಯಲ್ಲಿವೆ. ಮಾನಸಿಕ ರೋಗಿಗಳ ಆಸ್ಪತ್ರೆ ಕಟ್ಟಲು ಇಷ್ಟು ಖರ್ಚು, ಒಬ್ಬ ಕೂಲಿಯವನಿಗೆ ಮನೆ ಕಟ್ಟಲು ಇಷ್ಟು. ಹಾಗಾದರೆ ಆ ದುಡ್ಡಿನಲ್ಲಿ ಎಷ್ಟು ಮನೆ ಕಟ್ಟಬಹುದಿತ್ತು? ಭಾಗಾಕಾರ ಕಲಿಸುವ ನೆಪದಲ್ಲಿ ಕಲಿಸಿದ್ದು ಯಾರ ಜೀವ ದಂಡ ಎಂಬುದನ್ನು. 1939ರಲ್ಲಿ ಅಂಗವಿಕಲರನ್ನೂ ಮಾನಸಿಕ ರೋಗಿಗಳನ್ನೂ ಕೊಲ್ಲುವ ಗುಪ್ತ ಯೋಜನೆ ಆರಂಭವಾಯಿತು; 1941ರ ಆಗಸ್ಟಿನ ಹೊತ್ತಿಗೆ ಎಪ್ಪತ್ತು ಸಾವಿರ ಜನ ಅದರಲ್ಲಿ ಸತ್ತಿದ್ದರು. ಆ ಲೆಕ್ಕ ಬಿಡಿಸಿದ ಮಕ್ಕಳು ಆಗ ದೊಡ್ಡವರಾಗಿದ್ದರು. ಈ ಒಂದು ಲೆಕ್ಕವನ್ನು ಹಲಗೆಯ ಮೇಲೆ ಬರೆದು, ಇದರಲ್ಲಿ ತಪ್ಪೇನಿದೆ ಎಂದು ಕೇಳಿದರೆ ಸಾಕು, ಒಂದು ತಾಸಿನ ಪಾಠ ತಾನಾಗಿ ನಡೆಯುತ್ತದೆ. ಗಣಿತ ಸರಿಯಾಗಿದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಲ್ಲಿಂದ ಮಾತು ಬೆಳೆಯುತ್ತದೆ.

ಅದಾದ ಮೇಲೆ ವಳಿವಡೆ. ಆ ಜನ ಅಲ್ಲಿಗೆ ಬಂದ ದಾರಿಯನ್ನು ಮಕ್ಕಳಿಗೆ ಭೂಪಟದ ಮೇಲೆ ಬೆರಳಿಟ್ಟು ತೋರಿಸಬೇಕು. 1939ರ ಸೆಪ್ಟೆಂಬರ್ 1ಕ್ಕೆ ಪಶ್ಚಿಮದಿಂದ ಜರ್ಮನಿ ಪೋಲೆಂಡಿನೊಳಗೆ ನುಗ್ಗಿತು, 17ಕ್ಕೆ ಪೂರ್ವದಿಂದ ಸೋವಿಯತ್ ಒಕ್ಕೂಟ. ದೇಶ ಎರಡು ತುಂಡಾಯಿತು. ಪೂರ್ವದ ತುಂಡಿನಲ್ಲಿ 1940ರ ಫೆಬ್ರವರಿ 10ರಂದು, ಕೊರೆಯುವ ಚಳಿಯ ರಾತ್ರಿ, ಮೊದಲ ಸಾಮೂಹಿಕ ಗಡೀಪಾರು ನಡೆಯಿತು. ಬಾಗಿಲು ಬಡಿದು, ಗಂಟುಮೂಟೆ ಕಟ್ಟಲು ಸ್ವಲ್ಪವೇ ಹೊತ್ತು ಕೊಟ್ಟು, ದನ ಸಾಗಿಸುವ ರೈಲು ಡಬ್ಬಿಗಳಲ್ಲಿ ಸಂಸಾರ ಸಂಸಾರಗಳನ್ನೇ ತುಂಬಿ ಸೈಬೀರಿಯಾಕ್ಕೆ, ಉತ್ತರದ ಕಾಡುಗಳಿಗೆ ಅಟ್ಟಿದರು. ಏಪ್ರಿಲಿನಲ್ಲಿ ಮತ್ತೊಂದು ಸಲ. ಆಗ ಕಜಕಸ್ತಾನದ ಬಯಲಿಗೆ. ಜೂನಿನಲ್ಲಿ ಇನ್ನೊಂದು ಸಲ, ಮರುವರ್ಷ ಮಗುದೊಮ್ಮೆ. ಅದೇ 1940ರ ವಸಂತದಲ್ಲಿ ಕಾತಿನ್ ಕಾಡು ಮತ್ತಿತರ ಕಡೆ ಸುಮಾರು 22 ಸಾವಿರ ಪೋಲಿಷ್ ಅಧಿಕಾರಿಗಳನ್ನು, ಪೊಲೀಸರನ್ನು, ಓದು ಬಲ್ಲವರನ್ನು ಸೋವಿಯತ್ ಗುಪ್ತ ಪೊಲೀಸರು ಗುಂಡಿಟ್ಟು ಕೊಂದರು. ಅದನ್ನು ಮಾಡಿದ್ದು ತಾವೇ ಎಂದು ಮಾಸ್ಕೋ ಒಪ್ಪಿಕೊಂಡದ್ದು 1990ರ ಏಪ್ರಿಲಿನಲ್ಲಿ. ಐವತ್ತು ವರ್ಷ ಸುಳ್ಳೇ ಚರಿತ್ರೆಯಾಗಿತ್ತು.

1941ರಲ್ಲಿ ಹಿಟ್ಲರ್ ಸೋವಿಯತ್ ಮೇಲೆ ತಿರುಗಿಬಿದ್ದಾಗ ಸ್ಟಾಲಿನ್‌ಗೆ ಪೋಲರ ನೆರವು ಬೇಕಾಯಿತು. ಜುಲೈ 30ರ ಒಪ್ಪಂದದಂತೆ ಬಂದಿಗಳು ಬಿಡುಗಡೆಯಾದರು. ಜನರಲ್ ಆಂಡರ್ಸ್ ಕಟ್ಟುತ್ತಿದ್ದ ಪೋಲಿಷ್ ಸೇನೆಯನ್ನು ಹುಡುಕಿಕೊಂಡು, ಹಸಿವಿನಲ್ಲಿ, ಟೈಫಸ್ ಜ್ವರದಲ್ಲಿ, ತಾಯಂದಿರು ಮಕ್ಕಳನ್ನು ಎಳೆದುಕೊಂಡು ದಕ್ಷಿಣಕ್ಕೆ ನಡೆದರು. ಎಷ್ಟೋ ತಾಯಂದಿರು ದಾರಿಯಲ್ಲೇ ತೀರಿದರು. 1942ರಲ್ಲಿ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನ್ ಮುಟ್ಟಿದವರು ಸೈನಿಕರೂ ನಾಗರಿಕರೂ ಸೇರಿ ಲಕ್ಷಕ್ಕೂ ಮೇಲೆ. ಅಲ್ಲಿಂದ ಕೆಲವರು ಕರಾಚಿಗೆ ಬಂದರು. ನವಾನಗರದ ಜಾಮ್‌ಸಾಹೇಬ ದಿಗ್ವಿಜಯಸಿಂಹಜಿ ತಮ್ಮ ಜಾಮ್‌ನಗರದ ಹತ್ತಿರ ಬಾಲಾಚಡಿಯಲ್ಲಿ ಅನಾಥ ಮಕ್ಕಳಿಗೆ ಜಾಗ ಕೊಟ್ಟರು. ಅದಕ್ಕಿಂತ ದೊಡ್ಡ ನೆಲೆ, ಸಂಸಾರಗಳಿಗಾಗಿ, 1943ರಲ್ಲಿ ವಳಿವಡೆಯಲ್ಲಿ ಎದ್ದಿತು. ಬಾಲಾಚಡಿ ಮುಚ್ಚಿದಾಗ ಅಲ್ಲಿನ ಮಕ್ಕಳೂ ಇಲ್ಲಿಗೇ ಬಂದರು.

ಸಾಲು ಸಾಲು ಹೆಂಚಿನ ಮಾಡಿನ ಬ್ಯಾರಕ್‌ಗಳು, ಒಂದು ಚರ್ಚು, ಆಸ್ಪತ್ರೆ, ನಾಟಕ ಆಡುವ ಜಾಗ, ಅಂಗಡಿಗಳು, ಹತ್ತಿರದಲ್ಲೇ ಮಿರಜ ಮಾರ್ಗದ ರೈಲು ನಿಲ್ದಾಣ. ನನಗೆ ಬಹಳ ಮುಖ್ಯವಾಗಿ ಕಾಣುವುದು ಅವರು ಅಲ್ಲಿ ಶಾಲೆ ನಡೆಸಿದ ರೀತಿ. ಗಡೀಪಾರಿನ ವರ್ಷಗಳಲ್ಲಿ ಆ ಮಕ್ಕಳ ಪೋಲಿಷ್ ಓದು ನಿಂತೇ ಹೋಗಿತ್ತು. ಹತ್ತರ ಹುಡುಗಿಗೆ ಅಕ್ಷರ ಮರೆತಿತ್ತು, ಹದಿನಾಲ್ಕರ ಹುಡುಗ ಪ್ರಾಥಮಿಕ ತರಗತಿಯಲ್ಲಿ ಕೂರಬೇಕಿತ್ತು. ವಳಿವಡೆಯಲ್ಲಿ ಬಾಲವಾಡಿಯಿಂದ ಹಿಡಿದು ಪ್ರೌಢಶಾಲೆಯವರೆಗೆ, ಅದಕ್ಕೂ ಮೇಲಿನ ಹಂತದವರೆಗೆ ಪೋಲಿಷ್ ಭಾಷೆಯಲ್ಲೇ ಪಾಠ ಶುರುವಾಯಿತು. ಸ್ಕೌಟ್ ದಳಗಳು ಬೆಳೆದವು. ಅವುಗಳನ್ನು ಕಟ್ಟಲು ಬಂದವರಲ್ಲಿ ಕಾತಿನ್‌ಗೆ ಒಯ್ದವರ ಜೊತೆ ಸೆರೆಯಲ್ಲಿದ್ದು ಬದುಕುಳಿದ ತರುಣ ಅಧಿಕಾರಿ ಪೆಶ್ಕೊವ್ಸ್ಕಿ ಕೂಡ ಇದ್ದರು. ಮುಂದೆ ಪಾದ್ರಿಯಾಗಿ, ಕಾತಿನ್‌ನಲ್ಲಿ ಸತ್ತವರ ನೆನಪಿಗಾಗಿಯೇ ಬಾಳು ಸವೆಸಿದರು. ಊರ ಹಾಲಿನವರು, ತರಕಾರಿಯವರು ಕ್ಯಾಂಪಿನ ಬೀದಿಗಳಿಗೆ ಬರುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಕೊಲ್ಹಾಪುರ ನೋಡಲು ಮರಳಿದ ಮುದುಕ ಮುದುಕಿಯರ ಬಾಯಲ್ಲಿ ಒಂದೆರಡು ಮರಾಠಿ ಮಾತು ಉಳಿದಿದ್ದವು. ಒಬ್ಬ ಪೋಲಿಷ್ ಯುವತಿ ಕೊಲ್ಹಾಪುರದವರನ್ನೇ ಮದುವೆಯಾಗಿ ಇಲ್ಲೇ ಉಳಿದರು.

ಯುದ್ಧ ಮುಗಿದರೂ ಅವರಿಗೆ ಮನೆ ಸಿಗಲಿಲ್ಲ. ಯಾಲ್ಟಾದಲ್ಲಿ ಮಿತ್ರರಾಷ್ಟ್ರಗಳ ದೊಡ್ಡವರು ಕೂತು ಎಳೆದ ಗೆರೆಯಲ್ಲಿ ಅವರ ಊರುಗಳು ಸೋವಿಯತ್ ಪಾಲಾಗಿದ್ದವು. ಕೆಲವರು ಪೋಲೆಂಡಿಗೆ, ಬಹಳಷ್ಟು ಜನ ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ, ಅಮೆರಿಕಕ್ಕೆ ಚದುರಿಹೋದರು. ವಳಿವಡೆಯಲ್ಲಿ ಸತ್ತವರು ಕೊಲ್ಹಾಪುರದ ಕ್ರೈಸ್ತ ಸ್ಮಶಾನದಲ್ಲಿದ್ದಾರೆ. ನಗರದ ಮಹಾವೀರ ಉದ್ಯಾನದಲ್ಲಿ 1998ರಲ್ಲಿ ಒಂದು ಸ್ಮಾರಕ ನಿಂತಿತು. 2019ರ ಸೆಪ್ಟೆಂಬರಿನಲ್ಲಿ ವಳಿವಡೆಯಲ್ಲೇ ಒಂದು ಸ್ತಂಭ ಅನಾವರಣವಾಯಿತು. ಕ್ಯಾಂಪಿನಲ್ಲಿ ಬೆಳೆದವರು ಇಳಿವಯಸ್ಸಿನಲ್ಲಿ ಅಷ್ಟು ದೂರದಿಂದ ಬಂದಿದ್ದರು. 2024ರ ಆಗಸ್ಟಿನಲ್ಲಿ ಪ್ರಧಾನಿ ಮೋದಿಯವರು ವಾರ್ಸಾದಲ್ಲಿ ಕೊಲ್ಹಾಪುರದ ಹೆಸರಿನ ಸ್ಮಾರಕಕ್ಕೆ ಹೂ ಇಟ್ಟ ಚಿತ್ರ ಪತ್ರಿಕೆಗಳಲ್ಲಿ ಬಂತು. ವಾರ್ಸಾದಲ್ಲಿ ಜಾಮ್‌ಸಾಹೇಬರ ಹೆಸರು ಹೊತ್ತ ಶಾಲೆಯಿದೆ, ಒಂದು ಚೌಕವೂ ಇದೆ. ಅಲ್ಲಿನ ಮಕ್ಕಳಿಗೆ ನಮ್ಮ ನಾಡಿನ ಒಬ್ಬ ಅರಸ ಗೊತ್ತು. ನಿಪ್ಪಾಣಿಯ ಮಕ್ಕಳಿಗೆ ವಳಿವಡೆ ಗೊತ್ತಿಲ್ಲ.

ಇಲ್ಲಿ ಶಿಕ್ಷಕರು ಒಂದು ವ್ಯತ್ಯಾಸವನ್ನು ಮರೆಯದೆ ಹೇಳಬೇಕು. ವಳಿವಡೆಗೆ ಬಂದವರು ಬಹುತೇಕ ಕ್ಯಾಥೊಲಿಕ್ ಕ್ರೈಸ್ತರು. ಅವರನ್ನು ಕಾಡಿದ್ದು ಸ್ಟಾಲಿನ್ನನ ಗಡೀಪಾರು. ಅವರು ಪಂಚಗಂಗೆಯ ದಂಡೆಯಲ್ಲಿ ಪಾಠ ಓದುತ್ತಿದ್ದ ವರ್ಷಗಳಲ್ಲೇ, ಅವರದೇ ದೇಶದ ಯಹೂದಿಗಳನ್ನು ನಾಜಿಗಳು ಟ್ರೆಬ್ಲಿಂಕಾ, ಔಷ್ವಿಟ್ಸ್ ಕೊಲೆ ಶಿಬಿರಗಳಲ್ಲಿ ಮುಗಿಸುತ್ತಿದ್ದರು. ಪೋಲೆಂಡಿನ ಮೂವತ್ತಮೂರು ಲಕ್ಷ ಯಹೂದಿಗಳಲ್ಲಿ ಮೂವತ್ತು ಲಕ್ಷ ಜನ ಸತ್ತರು. ಆಂಡರ್ಸ್ ಸೇನೆಯ ಜೊತೆ ಇರಾನಿಗೆ ಪಾರಾಗಿ ಬಂದ ಏಳುನೂರಕ್ಕೂ ಹೆಚ್ಚು ಯಹೂದಿ ಮಕ್ಕಳು 1943ರ ಆರಂಭದಲ್ಲಿ ಕರಾಚಿಯ ಮೂಲಕವೇ ಹಡಗಿನಲ್ಲಿ ಪ್ಯಾಲೆಸ್ಟೀನಿಗೆ ಹೋದರು. ಎರಡೂ ದುಃಖಗಳನ್ನು ಕಲಸಿ ಒಂದು ಮಾಡಬಾರದು, ಒಂದನ್ನು ಹೇಳಿ ಇನ್ನೊಂದನ್ನು ಮರೆಸಲೂಬಾರದು. ವಿಶ್ವಸಂಸ್ಥೆಯ ಒಡಂಬಡಿಕೆಯ ಪ್ರಕಾರ ನರಮೇಧವೆಂದರೆ ಒಂದು ರಾಷ್ಟ್ರೀಯ, ಜನಾಂಗೀಯ ಅಥವಾ ಧಾರ್ಮಿಕ ಗುಂಪನ್ನು ಪೂರ್ತಿಯಾಗಿ ಇಲ್ಲವೇ ಭಾಗಶಃ ನಾಶ ಮಾಡುವ ಉದ್ದೇಶದಿಂದ ಎಸಗಿದ ಕೃತ್ಯ. ಈ ಪರಿಕಲ್ಪನೆಯನ್ನು ಕಾನೂನಿನ ಭಾಷೆಗೆ ತಂದವರು ಪೋಲೆಂಡಿನ ಯಹೂದಿ ವಕೀಲ ರಫಾಯೆಲ್ ಲೆಮ್ಕಿನ್. ಅವರ ಬಳಗದ 49 ಜನ ಆ ಹತ್ಯೆಯಲ್ಲಿ ತೀರಿಹೋದರು. ನರಮೇಧವನ್ನು ಅಂತರರಾಷ್ಟ್ರೀಯ ಅಪರಾಧವೆಂದು ಸಾರುವ ಗೊತ್ತುವಳಿಯನ್ನು 1946ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟ ಮೂರು ದೇಶಗಳೆಂದರೆ ಕ್ಯೂಬಾ, ಪನಾಮಾ ಮತ್ತು ಭಾರತ. ಸ್ವಾತಂತ್ರ್ಯ ಬರುವ ಮೊದಲೇ ನಮ್ಮ ದೇಶ ಮಾಡಿದ ಕೆಲಸ ಇದು. 1948ರ ಡಿಸೆಂಬರ್ 9ರಂದು ಒಡಂಬಡಿಕೆ ಅಂಗೀಕಾರವಾಯಿತು. ಇದೂ ನಮ್ಮ ಪುಸ್ತಕಗಳಲ್ಲಿ ಎದ್ದು ಕಾಣಬೇಕಿದ್ದ ಸಂಗತಿ.

ನಾವು ಆಸರೆ ಕೊಟ್ಟೆವು ಎಂಬ ಹೆಮ್ಮೆಯಲ್ಲೇ ಪಾಠ ಮುಗಿಸಿಬಿಡುವ ಆಸೆ ಆಗುತ್ತದೆ. ಹೆಮ್ಮೆ ಸರಿಯೇ. ಬೈಲಕುಪ್ಪೆಯಲ್ಲಿ, ಮುಂಡಗೋಡದಲ್ಲಿ ಟಿಬೆಟಿಯನ್ನರಿಗೂ ಈ ನಾಡು ನೆಲ ಕೊಟ್ಟಿದೆ. ಆದರೆ ಹೆಮ್ಮೆಗೇ ನಿಲ್ಲುವ ಪಾಠ ಮಕ್ಕಳಿಗೆ ಕಲಿಸುವುದೇನು? ಕ್ರೌರ್ಯವೆಲ್ಲ ಪರದೇಶದವರದು, ಕರುಣೆಯೆಲ್ಲ ನಮ್ಮದು ಎಂದು. ವಳಿವಡೆಯ ಕ್ಯಾಂಪು ಖಾಲಿಯಾಗುತ್ತಿದ್ದ 1948ನೆಯ ವರ್ಷವೇ ಈ ಮಾತು ನಿಜವಲ್ಲ ಎಂದು ಸಾರಿ ಹೇಳುತ್ತದೆ. ಜನವರಿ 30ರಂದು ಗಾಂಧೀಜಿಯ ಹತ್ಯೆಯಾದ ಮೇಲೆ ಕೊಲ್ಹಾಪುರ, ಸಾಂಗ್ಲಿ, ಸಾತಾರ ಸೀಮೆಯಲ್ಲಿ, ಕೊಂದವನ ಜಾತಿಯವರೆಂಬ ಒಂದೇ ಕಾರಣಕ್ಕೆ ಬ್ರಾಹ್ಮಣರ ಮನೆಗಳಿಗೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಸಿನಿಮಾ ನಿರ್ದೇಶಕ ಭಾಲಜಿ ಪೆಂಢಾರ್ಕರರ ಜಯಪ್ರಭಾ ಸ್ಟುಡಿಯೊ ಕೂಡ ಆ ಬೆಂಕಿಗೆ ತುತ್ತಾಯಿತು. ಅಹಿಂಸೆಯ ಮೂರ್ತಿ ಸತ್ತ ಸಂಕಟಕ್ಕೆ ನೆರೆಮನೆ ಸುಟ್ಟರು.

ಅದೇ ವರ್ಷ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಹೈದರಾಬಾದ್ ನಿಜಾಮನ ಪರವಾಗಿದ್ದ ರಜಾಕಾರರು ಸುಮಾರು ಇನ್ನೂರು ಜನರನ್ನು ಕೊಂದರು. ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ, ಬೀದರ್, ಕಲಬುರಗಿ, ಉಸ್ಮಾನಾಬಾದ್, ನಾಂದೇಡ ಭಾಗದಲ್ಲಿ ಸೇಡಿನ ಅಲೆಯೆದ್ದು ಸಾವಿರಾರು ಮುಸ್ಲಿಮರು ಸತ್ತರು. ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸಂಸ್ಥಾನದಲ್ಲೆಲ್ಲ ಸೇರಿ ಸತ್ತವರು ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಆ ವರದಿ ಸಾರ್ವಜನಿಕರ ಕೈಗೆ ಸಿಗಲು 2013 ಬರಬೇಕಾಯಿತು. ಗೋರ್ಟಾದಲ್ಲಿ ಈಗ ಸ್ಮಾರಕ ಇದೆ, ಇರಬೇಕಾದದ್ದೇ. ಆಮೇಲೆ ಸತ್ತವರಿಗೆ ಕಲ್ಲೂ ಇಲ್ಲ, ಪಾಠವೂ ಇಲ್ಲ. ಒಂದು ಕಡೆಯ ಹೆಣಗಳನ್ನಷ್ಟೇ ಎಣಿಸಿದರೆ ಅದು ಸ್ಮರಣೆಯಾಗುವುದಿಲ್ಲ, ಮುಂದಿನ ಜಗಳಕ್ಕೆ ಕೂಡಿಟ್ಟ ಮದ್ದುಗುಂಡಾಗುತ್ತದೆ. ಎರಡೂ ಪುಟ ಓದಿಸುವ ಧೈರ್ಯ ಇಲ್ಲದ ಶಾಲೆ ಔಷ್ವಿಟ್ಸ್ ಬಗ್ಗೆ ಎಷ್ಟು ಕಲಿಸಿದರೂ ಅರೆಬರೆಯೇ.

ಇವನ್ನೆಲ್ಲ ಹೇಗೆ ಹೇಳಬೇಕು ಎಂಬ ಬಗ್ಗೆ ಜಗತ್ತಿನ ಶಿಕ್ಷಕರು ಸಾಕಷ್ಟು ಪಾಡುಪಟ್ಟು ಕಲಿತದ್ದಿದೆ. ಹೆಣಗಳ ರಾಶಿಯ ಚಿತ್ರದಿಂದ ಪಾಠ ಶುರು ಮಾಡಬಾರದು. ಮಕ್ಕಳು ಹೆದರಿ ಕಣ್ಣು ಮುಚ್ಚುತ್ತಾರೆ, ಇಲ್ಲವೇ ಮರಗಟ್ಟುತ್ತಾರೆ. ಅರ್ಧ ತರಗತಿಯನ್ನು ಯಹೂದಿಗಳಾಗಿ, ಅರ್ಧವನ್ನು ಸೈನಿಕರಾಗಿ ಮಾಡಿ ಆಟ ಆಡಿಸುವುದು ಇನ್ನೂ ಕೆಟ್ಟದ್ದು. ಒಂದು ಹೆಸರು, ಒಂದು ಮುಖ, ಒಂದು ಮನೆಯಿಂದ ಆರಂಭಿಸಬೇಕು; ಸತ್ತವರು ಹೇಗೆ ಸತ್ತರು ಎನ್ನುವ ಮೊದಲು ಹೇಗೆ ಬದುಕಿದ್ದರು ಎಂದು ಹೇಳಬೇಕು. ಜರ್ಮನಿಯ ಊರುಗಳಲ್ಲಿ ಕಾಲುದಾರಿಯ ಕಲ್ಲುಗಳ ನಡುವೆ ಅಂಗೈಯಗಲದ ಹಿತ್ತಾಳೆ ಫಲಕಗಳಿವೆ. ಈ ಮನೆಯಲ್ಲಿ ಇಂಥವರು ಇದ್ದರು, ಇಂಥ ದಿನ ಒಯ್ದರು ಎಂದು ಅದರಲ್ಲಿ ಬರೆದಿರುತ್ತದೆ. ಯುರೋಪಿನಲ್ಲಿ ಅಂಥವು ಲಕ್ಷಕ್ಕೂ ಹೆಚ್ಚಾಗಿವೆ. ಎಷ್ಟೋ ಫಲಕಗಳ ಹಿಂದಿನ ಹುಡುಕಾಟ ಶಾಲಾ ಮಕ್ಕಳದ್ದೇ.

ನಮ್ಮ ಶಾಲೆಗಳಿಗೆ ಇನ್ನೊಂದು ಸುಲಭದ ದಾರಿ ಇದೆ. ನಮ್ಮ ಕಡೆ ಶಾಲೆಯ ವಾರ್ಷಿಕ ಗ್ಯಾದರಿಂಗ್ ಎಂದರೆ ಊರಿಗೆ ಊರೇ ಸೇರುತ್ತದೆ. ರವೀಂದ್ರನಾಥ ಟಾಗೋರರ ‘ಡಾಕ್‌ಘರ್’ ನಾಟಕ ಆಡಿಸಿ. ಕಾಯಿಲೆಯ ಹುಡುಗನೊಬ್ಬ ಕಿಟಕಿಯ ಬಳಿ ಕೂತು ರಾಜನ ಪತ್ರಕ್ಕೆ ಕಾಯುವ ನಾಟಕ ಅದು. ವಾರ್ಸಾದ ಯಹೂದಿ ಗೆಟ್ಟೊದಲ್ಲಿ ಅನಾಥಾಶ್ರಮ ನಡೆಸುತ್ತಿದ್ದ ವೈದ್ಯ, ಮಕ್ಕಳ ಲೇಖಕ ಯಾನುಶ್ ಕೊರ್ಚಾಕ್ 1942ರ ಜುಲೈ 18ರಂದು ತಮ್ಮ ಮಕ್ಕಳಿಂದ ಈ ನಾಟಕ ಆಡಿಸಿದರು. ಮೂರು ವಾರ ತುಂಬುವ ಮೊದಲೇ ನಾಜಿಗಳು ಬಂದರು. ಕೊರ್ಚಾಕರಿಗೆ ಬದುಕಿಕೊಳ್ಳುವ ಅವಕಾಶಗಳಿದ್ದವು, ಒಲ್ಲೆನೆಂದರು. ಸುಮಾರು ಇನ್ನೂರು ಮಕ್ಕಳ ಜೊತೆಗೇ ಟ್ರೆಬ್ಲಿಂಕಾದ ರೈಲು ಹತ್ತಿದರು. ನಾಟಕ ಮುಗಿದ ಮೇಲೆ ಶಿಕ್ಷಕರು ಎದ್ದು ನಿಂತು ಇಷ್ಟು ಹೇಳಿದರೆ ಸಾಕು. ಸಭೆಯಲ್ಲಿ ಕೂತ ತಂದೆತಾಯಿಗಳಿಗೂ ಅದು ಮುಟ್ಟುತ್ತದೆ, ಅವರಿಗೂ ಮುಟ್ಟಬೇಕು.

ರುವಾಂಡದ ಒಂದು ಘಟನೆಯನ್ನೂ ಮಕ್ಕಳಿಗೆ ತಪ್ಪದೆ ಹೇಳಬೇಕೆಂದು ನನಗನ್ನಿಸುತ್ತದೆ. 1994ರಲ್ಲಿ ಆ ಸಣ್ಣ ದೇಶದಲ್ಲಿ ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನರ ಕೊಲೆಯಾಯಿತು. ಅದಕ್ಕೆ ಮೊದಲು ರೇಡಿಯೊ ತಿಂಗಳುಗಟ್ಟಲೆ ಟುಟ್ಸಿ ಎಂಬ ಅಲ್ಪಸಂಖ್ಯಾತ ಜನಾಂಗದವರನ್ನು ಜಿರಲೆಗಳೆಂದು ಕರೆಯುತ್ತ ಬಂದಿತ್ತು. ಇಂದು ಮೊಬೈಲು ಹಿಡಿದ ಮಗುವಿಗೆ ರೇಡಿಯೊದ ಈ ಕಥೆಯನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಮೂರು ವರ್ಷದ ಮೇಲೆ, 1997ರ ಮಾರ್ಚ್ 18ರ ರಾತ್ರಿ, ನ್ಯಾಂಗೆ ಎಂಬಲ್ಲಿನ ಪ್ರೌಢಶಾಲೆಗೆ ಬಂದೂಕುಧಾರಿಗಳು ನುಗ್ಗಿ, ಹುಟುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಿರಿ ಎಂದರು. ಮಕ್ಕಳು ಬೇರೆಯಾಗಿ ನಿಲ್ಲಲಿಲ್ಲ. ನಾವೆಲ್ಲ ರುವಾಂಡದವರು ಎಂದರು. ಗುಂಡು ಹಾರಿತು, ಕೆಲವರು ಅಲ್ಲೇ ಸತ್ತರು, ಹಲವರು ಗಾಯಗೊಂಡರು. ಅವರೆಲ್ಲ ನಮ್ಮ ಹೈಸ್ಕೂಲು, ಪಿಯುಸಿ ಮಕ್ಕಳ ವಾರಿಗೆಯವರು.

ಬೇರೆ ಬೇರೆ ನಿಲ್ಲಿಸುವುದು ಎಂದಾಗ ನಮ್ಮ ಗಡಿಯ ಮಾತು ಬಾರದೆ ಇರುವುದಿಲ್ಲ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಶಾಲೆಗಳಿವೆ. ಒಂದೇ ಓಣಿಯ ಮಕ್ಕಳು ಬೆಳಿಗ್ಗೆ ಮೂರು ದಾರಿ ಹಿಡಿಯುತ್ತಾರೆ. ಭಾಷೆಯ ತಂಟೆಗೆ ನರಮೇಧದ ಹೆಸರು ಹಚ್ಚುವುದು ಎರಡಕ್ಕೂ ಅನ್ಯಾಯ, ಅದನ್ನು ನಾನು ಮಾಡಲಾರೆ. ಆದರೂ ಗಡಿ ಬಿಸಿಯಾದಾಗ ಬಸ್ಸಿಗೆ ಮಸಿ ಬೀಳುತ್ತದೆ, ಫಲಕ ಒಡೆಯುತ್ತದೆ, ‘ಅವರು ಹಾಗೇ’ ಎಂಬ ಮಾತು ಮನೆಯೊಳಗೂ ಬರುತ್ತದೆ. ಇಡೀ ಗುಂಪಿಗೆ ಒಂದೇ ಗುಣ ಹಚ್ಚುವ ಆ ಮಾತನ್ನು ಮಕ್ಕಳು ಕೇಳಿದೊಡನೆ ಗುರುತಿಸುವಂತಾಗಬೇಕು. ಕಲಿಸಲು ಒಳ್ಳೆಯ ಸಾಮಗ್ರಿಯೂ ಇಲ್ಲೇ ಇದೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಎರಡೂ ರಾಜ್ಯದ ಗಾಡಿಗಳು ಬರುತ್ತವೆ. ಅಥಣಿಯಲ್ಲಿ ಹೊಲಿದ ಚಪ್ಪಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಕೂಡ ಎರಡು ರಾಜ್ಯಗಳ ಎಂಟು ಜಿಲ್ಲೆಗಳಿಗೆ ಸೇರಿದ್ದು. ಮೊಹರಮ್ಮಿನಲ್ಲಿ ಪಂಜಾ ಹಿಡಿಯುವವರು ಎಲ್ಲ ಜಾತಿಯವರು. 1925ರ ಏಪ್ರಿಲಿನಲ್ಲಿ ಅಂಬೇಡ್ಕರರು ನಿಪ್ಪಾಣಿಯಲ್ಲಿ ಪರಿಷತ್ತು ನಡೆಸಿದಾಗ ಕೇಳಿದ್ದೂ ಮನುಷ್ಯರನ್ನು ಮನುಷ್ಯರೆಂದು ಎಣಿಸಿ ಎಂದೇ. ಈ ಸೌಹಾರ್ದದ ಬಗ್ಗೆ ಭಾಷಣ ಬಿಗಿಯುವುದರಿಂದ ಹೆಚ್ಚೇನೂ ಆಗದು. ಅದು ಯಾವಾಗ ಗಟ್ಟಿಯಾಗಿತ್ತು, ಯಾವಾಗ ಮುರಿಯಿತು, ಮುರಿದಾಗ ಯಾರು ಯಾರ ಮನೆಯಲ್ಲಿ ಅಡಗಿದರು ಎಂದು ಮಕ್ಕಳೇ ಅಜ್ಜ ಅಜ್ಜಿಯರನ್ನು ಕೇಳಿ ಬರೆದು ತರಬೇಕು.

ಪ್ರತಿ ವರ್ಷ ಡಿಸೆಂಬರ್, ಜನವರಿಯಲ್ಲಿ ನಮ್ಮ ಶಾಲೆಗಳ ಪ್ರವಾಸದ ಬಸ್ಸುಗಳು ಕೊಲ್ಹಾಪುರಕ್ಕೆ ಹೋಗುತ್ತವೆ. ಮಹಾಲಕ್ಷ್ಮಿ ಗುಡಿ, ರಂಕಾಳ ಕೆರೆ, ಹೊಸ ಅರಮನೆ, ಕಣೇರಿ ಮಠ, ಪನ್ಹಾಳ. ಈ ಪಟ್ಟಿಗೆ ವಳಿವಡೆಯ ಸ್ತಂಭವನ್ನೂ ಮಹಾವೀರ ಉದ್ಯಾನದ ಸ್ಮಾರಕವನ್ನೂ ಸೇರಿಸಲು ಹೆಚ್ಚಿನ ಖರ್ಚಿಲ್ಲ, ಬೇಕಾದದ್ದು ಎರಡು ತಾಸು. ಔಷ್ವಿಟ್ಸ್ ಬಿಡುಗಡೆಯಾದ ಜನವರಿ 27ನ್ನು ವಿಶ್ವಸಂಸ್ಥೆ 2005ರಲ್ಲಿ ಸ್ಮರಣೆಯ ದಿನವೆಂದು ಸಾರಿದೆ. ಅದು ನಮ್ಮ ಗಣರಾಜ್ಯೋತ್ಸವದ ಮರುದಿನವೇ ಬರುತ್ತದೆ. ಆ ವಾರವೇ ಹೋಗಿ ಬರಬಹುದು. ಹೋಗುವಾಗ ನಿಪ್ಪಾಣಿಯ ಮರಾಠಿ ಶಾಲೆಯವರೂ ರಾಯಬಾಗ, ಚಿಕ್ಕೋಡಿಯ ಕನ್ನಡ, ಉರ್ದು ಶಾಲೆಯವರೂ ಒಂದೇ ಬಸ್ಸಿನಲ್ಲಿ ಹೋಗಲಿ. ವಳಿವಡೆಯ ಹಿರಿಯರನ್ನು ಮಾತನಾಡಿಸುವವರು ಮರಾಠಿ ಮಕ್ಕಳು, ಅದನ್ನು ಬರೆದುಕೊಳ್ಳುವವರು ಕನ್ನಡದ ಮಕ್ಕಳು. ಗಾಂಧಿನಗರದ ಸಿಂಧಿ ಮನೆಗಳಲ್ಲಿ ವಿಭಜನೆಯ ನೆನಪು ಕೇಳಲು ಉರ್ದು, ಹಿಂದಿ ಬಲ್ಲವರು. ಆ ವಹಿಗಳು ಮೂರೂ ಭಾಷೆಯಲ್ಲಿ ಸಿದ್ಧವಾಗಿ ಮೂರೂ ಶಾಲೆಗಳ ಗ್ರಂಥಾಲಯದಲ್ಲಿ ಇರಲಿ. ಪೋಲಿಷ್ ಮಕ್ಕಳ ಜೊತೆ ಚೆಂಡಾಡಿದ, ಕ್ಯಾಂಪಿಗೆ ಹಾಲು ಹಾಕಲು ತಂದೆಯ ಬೆನ್ನಿಗೆ ಹೋಗಿದ್ದ ವಳಿವಡೆಯ ಹುಡುಗರಲ್ಲಿ ಈಗ ಯಾರಾದರೂ ಉಳಿದಿದ್ದರೆ ಅವರಿಗೆ ವಯಸ್ಸು ಎಂಬತ್ತೈದು ದಾಟಿರುತ್ತದೆ. ಈ ಪ್ರವಾಸವನ್ನು ಮುಂದಿನ ವರ್ಷಕ್ಕೆ ಹಾಕುವಂತಿಲ್ಲ.